ಮಾರ್ಚ್ ಮುಗಿಯುವುದಿಲ್ಲ ಮಿಸ್

ಕ್ಯಾಲೆಂಡರಿನ ಮಾರ್ಚ್ ತಿಂಗಳು 31ಕ್ಕೆ ಮುಗಿಯುತ್ತದೆ. ಹೆಣ್ಣುಮಕ್ಕಳ ಹೈಸ್ಕೂಲಿನ ಮಾರ್ಚ್‌ಗೆ ಅಂಥ ಶಿಸ್ತಿಲ್ಲ. ಅದು ಎಲ್ಲಿ ಮುಗಿಯುತ್ತದೆ ಎಂದು ನಮ್ಮ ಹೆಡ್‌ಮಿಸ್‌ಗೂ ಗೊತ್ತಿಲ್ಲ. ಎಲ್ಲಿ ಶುರುವಾಗುತ್ತದೆ ಎನ್ನುವುದು ಮಾತ್ರ ಕೊಡಗಿನ ಎಲ್ಲ ಟೀಚರುಗಳಿಗೂ ಗೊತ್ತು. ಜುಲೈನಲ್ಲಿ.

ಬೇರೆ ಜಿಲ್ಲೆಯವರಿಗೆ ದಸರಾ ರಜೆ, ಬೇಸಿಗೆ ರಜೆ ಎಂದು ಎರಡು. ನಮಗೆ ಮೂರನೆಯದೊಂದು ಉಂಟು, ಮಳೆ ರಜೆ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ತುಂಬಿತು, ರಸ್ತೆಗೆ ನೀರು ಬಂತು ಎಂದು ಸುದ್ದಿಯಾದರೆ ಸಾಕು, ಜಿಲ್ಲೆಯ ಮಕ್ಕಳೆಲ್ಲ ಜಿಲ್ಲಾಧಿಕಾರಿಗಳ ಆದೇಶಕ್ಕೆ ಕಾಯುತ್ತಾ ಕೂರುತ್ತಾರೆ. ಆದೇಶಕ್ಕೂ ಮೊದಲು ನನ್ನ ಫೋನ್ ಬಡಿದುಕೊಳ್ಳುತ್ತದೆ.

‘ಮಿಸ್, ನಾಳೆ ರಜೆ ಉಂಟಾ?’

‘ಇನ್ನೂ ಬಂದಿಲ್ಲಮ್ಮ.’

‘ಬರ್ತದಾ ಮಿಸ್?’

ಆಕಾಶವನ್ನೂ ಸರ್ಕಾರವನ್ನೂ ನಾನೇ ನಡೆಸುತ್ತಿರುವ ಹಾಗೆ ಕೇಳುತ್ತಾರೆ. ಒಂದು ವರ್ಷ ಯಾರೋ ಪುಣ್ಯಾತ್ಮರು ಹಿಂದಿನ ವರ್ಷದ ರಜೆ ಆದೇಶವನ್ನೇ ವಾಟ್ಸಾಪಿನಲ್ಲಿ ತೇಲಿಬಿಟ್ಟಿದ್ದರು. ಸಹಿ, ಸೀಲು ಎಲ್ಲ ಸರಿಯಾಗೇ ಇತ್ತು. ದಿನಾಂಕ ಯಾರು ನೋಡುತ್ತಾರೆ? ಅರ್ಧ ಶಾಲೆ ಮನೆಯಲ್ಲಿ ಉಳಿಯಿತು. ಇನ್ನರ್ಧ ಒದ್ದೆ ಮುದ್ದೆಯಾಗಿ ಬಂದು, ಎಂತ ಮಿಸ್, ರಜೆ ಅಲ್ವಾ ಎಂದು ನಮ್ಮನ್ನೇ ಕೇಳಿತು. ಅವರನ್ನು ಕೂರಿಸಿ ಹಾಜರಿ ಕರೆಯುವಷ್ಟರಲ್ಲಿ ಆ ವರ್ಷದ ನಿಜವಾದ ಆದೇಶ ಬಂತು. ಮನೆಯಲ್ಲಿ ಉಳಿದವರು ಈಗಲೂ ತಮ್ಮನ್ನು ಜಾಣರೆಂದೇ ತಿಳಿದುಕೊಂಡಿದ್ದಾರೆ.

ಈ ರಜೆಗಳೆಲ್ಲ ಸಾಲ. ಶನಿವಾರ ಪೂರ್ತಿ ದಿನ ಶಾಲೆ ಮಾಡಿ ತೀರಿಸಬೇಕು. ತೀರಿಸುತ್ತೇವೆ. ಆದರೂ ಫೆಬ್ರವರಿ ಬಂದಾಗ ಪ್ರತಿಯೊಬ್ಬ ಟೀಚರಿನ ಹತ್ತಿರವೂ ಎರಡು ಪಾಠ ಬಾಕಿ ಇರುತ್ತವೆ, ಮತ್ತು ಪ್ರತಿಯೊಬ್ಬರಿಗೂ ಇನ್ನೊಬ್ಬರ ಪೀರಿಯಡ್ ಬೇಕಾಗಿರುತ್ತದೆ. ಬಡಪಾಯಿ ಪಿ.ಟಿ. ಮಿಸ್. ಹೊಸ ವರ್ಷದ ನಂತರ ಅವರ ಪೀರಿಯಡ್‌ಗಳು ಅವರದ್ದಾಗಿ ಉಳಿದದ್ದನ್ನು ನಾನು ನೋಡಿಲ್ಲ. ‘ಒಂದೇ ಒಂದು ಪದ್ಯ ಉಂಟು’ ಎಂದು ನಾನೂ ಬೇಡಿ ತೆಗೆದುಕೊಂಡದ್ದುಂಟು. ಗಣಿತದ ಸರ್ ಬೇಡುವುದಿಲ್ಲ, ನೇರವಾಗಿ ಹೋಗಿ ಬೋರ್ಡಿನ ಮೇಲೆ ತ್ರಿಭುಜ ಬರೆದುಬಿಡುತ್ತಾರೆ. ತ್ರಿಭುಜ ಬಿದ್ದ ಮೇಲೆ ಮಾತಿಲ್ಲ.

ಪಾಠ ಹೇಗೋ ಮುಗಿಯಿತು ಎನ್ನುವಾಗ ಬೀಳ್ಕೊಡುಗೆ ಬರುತ್ತದೆ. ಒಂಬತ್ತನೆಯವರು ಹತ್ತನೆಯವರಿಗೆ ಕೊಡುವುದು. ಹತ್ತನೆಯವರು ಅವತ್ತು ಸೀರೆ ಉಡಬಹುದು ಎನ್ನುವುದು ನಮ್ಮ ಶಾಲೆಯ ಅಲಿಖಿತ ಕಾನೂನು. ಎಂಟನೆಗೆ ಸೇರಿದ ದಿನದಿಂದಲೇ ಅವರು ಆ ಸೀರೆಯ ಯೋಚನೆಯಲ್ಲಿರುತ್ತಾರೆ. ನಡುವೆ ಬರುವ ಬೀಜಗಣಿತ, ನೇಪೋಲಿಯನ್, ತತ್ಸಮ ತದ್ಭವ ಎಲ್ಲ ಆ ಸೀರೆಗೆ ಹೋಗುವ ದಾರಿಯ ಕಲ್ಲುಮುಳ್ಳು.

ಹಿಂದಿನ ಬೀಳ್ಕೊಡುಗೆಯಲ್ಲಿ ಪಜೀತಿಯಾದದ್ದು ನೆರಿಗೆಯಿಂದ. ಕೊಡವ ಸೀರೆಗೆ ನೆರಿಗೆ ಹಿಂದೆ. ಸೆರಗು ಎಡಗಡೆಯ ಕಂಕುಳಡಿಯಿಂದ ಮುಂದೆ ಬಂದು ಬಲ ಭುಜದ ಮೇಲೆ ಪಿನ್ನಾಗಿ ಕೂರುತ್ತದೆ. ನೋಡುವುದಕ್ಕೆ ಬಹಳ ಚೆಂದ. ಕ್ಲಾಸಿನ ಕೊಡವ ಹುಡುಗಿಯರು ಹಾಗೆ ಉಟ್ಟು ಬಂದರು. ಅದನ್ನು ಕಂಡು ಮಾಮೂಲಿಯಾಗಿ ಉಟ್ಟು ಬಂದಿದ್ದವರಿಗೆಲ್ಲ ನಮಗೂ ಹಾಗೇ ಬೇಕು ಎನಿಸಿತು. ವಿಜ್ಞಾನದ ಲ್ಯಾಬಿನ ಬಾಗಿಲು ಹಾಕಿಕೊಂಡು ಬಿಚ್ಚಿ ಉಡಿಸುವ ಕೆಲಸ ಶುರುವಾಯಿತು. ಉಡಿಸಲು ಬರುವವರು ಮೂವರೋ ನಾಲ್ವರೋ, ಉಡಬೇಕೆಂದವರು ಇಡೀ ಕ್ಲಾಸು. ಪಿನ್ನು ಮುಗಿಯಿತು. ಆಫೀಸಿನ ಗುಂಡುಪಿನ್ನು ತಂದರು, ಅದೂ ಮುಗಿಯಿತು. ಕೊನೆಗೆ ನೋಟೀಸ್ ಬೋರ್ಡಿನ ಪಿನ್ನುಗಳನ್ನೂ ಕಿತ್ತರು. ಪರೀಕ್ಷಾ ವೇಳಾಪಟ್ಟಿ ನೆಲಕ್ಕೆ ಬಿತ್ತು.

ಮುಖ್ಯ ಅತಿಥಿಗಳು ಬಂದು ಕುಳಿತು ಅರ್ಧ ಗಂಟೆ ಆದರೂ ಲ್ಯಾಬಿನ ಬಾಗಿಲು ತೆರೆಯಲಿಲ್ಲ. ತೆರೆದಾಗ ಕೆಲವರಿಗೆ ನೆರಿಗೆ ಮುಂದೆ, ಕೆಲವರಿಗೆ ಹಿಂದೆ, ಒಬ್ಬಳಿಗೆ ಸರಿಯಾಗಿ ಪಕ್ಕದಲ್ಲಿ. ಅವಳ ಪಾಲಿಗೆ ಸಮಯ ಸಾಲದೆ ಅಷ್ಟಕ್ಕೇ ನಿಂತಿತ್ತಂತೆ. ಸಾಲಾಗಿ ವೇದಿಕೆ ಹತ್ತುವಾಗ ಹಿಂದಿನವಳು ಮುಂದಿನವಳ ನೆರಿಗೆ ತುಳಿದಳು. ನೆರಿಗೆ ಹಿಂದಿದ್ದರೆ ಇದೊಂದು ಅಪಾಯ. ತುಳಿಸಿಕೊಂಡವಳು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ನಿಂತೇಬಿಟ್ಟಳು. ಅತಿಥಿಗಳಿಗೆ ಕೊಡಬೇಕಾಗಿದ್ದ ಏಲಕ್ಕಿ ಹಾರ ಅವಳ ಕೈಯಿಂದ ಜಾರಿ ಮೈಕಿನ ಕೊರಳಿಗೆ ಬಿತ್ತು. ಅತಿಥಿಗಳು ಒಳ್ಳೆಯವರು. ಮೈಕಿಗೆ ಸನ್ಮಾನ ಆದ ಮೇಲೆ ನಾನು ಜಾಸ್ತಿ ಮಾತಾಡುವುದಿಲ್ಲ ಎಂದು ಭಾಷಣವನ್ನು ಐದೇ ನಿಮಿಷಕ್ಕೆ ಮುಗಿಸಿದರು. ನಮ್ಮ ಶಾಲೆಯ ಚರಿತ್ರೆಯಲ್ಲಿ ಅಷ್ಟು ಚಪ್ಪಾಳೆ ಬೇರೆ ಯಾವ ಭಾಷಣಕ್ಕೂ ಬಿದ್ದಿಲ್ಲ.

ಆಮೇಲೆ ಅಳು.

ಅಳುವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಗಂಡುಮಕ್ಕಳ ಶಾಲೆಯಲ್ಲಿ ಏನಾಗುತ್ತದೋ ನನಗೆ ಅನುಭವವಿಲ್ಲ. ನಮ್ಮಲ್ಲಿ ಒಬ್ಬಳು ಶುರುಮಾಡುತ್ತಾಳೆ. ಅವಳು ಯಾಕೆ ಅಳುತ್ತಾಳೆ ಎಂದು ಕೇಳಲು ಹೋದವಳು ಉತ್ತರ ಸಿಗುವ ಮೊದಲೇ ತಾನೂ ಅಳುತ್ತಾಳೆ. ಹತ್ತನೆಯವರದ್ದು ನ್ಯಾಯ, ಅವರು ಶಾಲೆ ಬಿಟ್ಟು ಹೋಗುವವರು. ಒಂಬತ್ತನೆಯವರು ಅಕ್ಕಂದಿರು ಹೋಗುತ್ತಾರೆಂದು ಅಳುತ್ತಾರೆ, ಅದೂ ಸರಿ. ಆದರೆ ಎಂಟನೇ ಬಿ? ಕುರ್ಚಿ ಹಾಕಲು, ಜ್ಯೂಸ್ ಹಂಚಲು ಕರೆಸಿಕೊಂಡವರು ಅವರು. ಜ್ಯೂಸಿನ ತಟ್ಟೆ ಹಿಡಿದುಕೊಂಡೇ ಬಿಕ್ಕುತ್ತಿದ್ದರು.

‘ನೀನೆಂತಕ್ಕೆ ಅಳುವುದು? ಇನ್ನೂ ಎರಡು ವರ್ಷ ಇದೇ ಶಾಲೆಯಲ್ಲಿ ಇರ್ತೀಯ’ ಎಂದೆ ಒಬ್ಬಳಿಗೆ.

‘ಅದಕ್ಕೇ ಮಿಸ್’ ಎಂದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಶಾಲೆಯಲ್ಲಿ ಒಬ್ಬರೇ ಗಂಡಸು ಗಣಿತದ ಸರ್. ಇಂಥ ಹೊತ್ತಿನಲ್ಲಿ ಅವರ ಅವಸ್ಥೆ ನೋಡಲಾಗುವುದಿಲ್ಲ. ವರ್ಷವಿಡೀ ಅವರಿಂದ ಬೈಸಿಕೊಂಡವರೇ ಅವರ ಕಾಲಿಗೆ ಬಿದ್ದು ಜಾಸ್ತಿ ಅಳುವುದು. ಸರ್ ‘ಆಯ್ತು, ಆಯ್ತು, ಸೂತ್ರಗಳನ್ನು ದಿನಾ ಬರೆದು ನೋಡಿ’ ಎಂದು ಆಶೀರ್ವಾದ ಮಾಡುತ್ತಾರೆ. ಸ್ಲ್ಯಾಮ್ ಬುಕ್ ಎನ್ನುವ ಬಣ್ಣದ ಪುಸ್ತಕ ಇನ್ನೂ ನಮ್ಮ ಪೇಟೆಯ ಅಂಗಡಿಗಳಲ್ಲಿ ಸಿಗುತ್ತದೆ, ಫೋನ್ ಬಂದರೂ ಅದು ಸತ್ತಿಲ್ಲ. ಹುಡುಗಿಯರು ಅದನ್ನು ಟೀಚರುಗಳಿಗೂ ಕೊಡುತ್ತಾರೆ. ಇಷ್ಟದ ಬಣ್ಣ, ಇಷ್ಟದ ಹೀರೋ, ಮರೆಯಲಾಗದ ದಿನ ಎಂದೆಲ್ಲ ಖಾನೆಗಳು. ಸರ್ ಎಲ್ಲವನ್ನೂ ಖಾಲಿ ಬಿಟ್ಟು, ‘ನನ್ನ ಬಗ್ಗೆ ನಿಮ್ಮ ಅಭಿಪ್ರಾಯ’ ಎನ್ನುವಲ್ಲಿ ಮಾತ್ರ ಬರೆದಿದ್ದರು: ‘ಹಂತಗಳನ್ನು ಬಿಡುತ್ತೀಯ. ಹಂತಕ್ಕೂ ಅಂಕ ಉಂಟು.’ ಅದನ್ನು ಓದಿ ಆ ಹುಡುಗಿ ಮತ್ತೊಂದು ಸುತ್ತು ಅತ್ತಳು.

ಇಷ್ಟೆಲ್ಲ ಆಗಿ ಹೋದ ಮಾರನೆಯ ದಿನ ಬೆಳಿಗ್ಗೆ ಅದೇ ಹುಡುಗಿಯರು ಯೂನಿಫಾರ್ಮ್ ಹಾಕಿಕೊಂಡು ಕ್ಲಾಸಿನಲ್ಲಿ ಕೂತಿದ್ದರು. ವಿಶೇಷ ತರಗತಿ ಇತ್ತಲ್ಲ! ಅವರಿಗೂ ನಾಚಿಕೆ, ನಮಗೂ ನಾಚಿಕೆ. ‘ನಿಮ್ಮನ್ನು ಎಂದಿಗೂ ಮರೆಯುವುದಿಲ್ಲ’ ಎಂದು ಹಿಂದಿನ ಸಂಜೆ ತಬ್ಬಿಕೊಂಡವಳು ಬೆಳಿಗ್ಗೆ ಹೋಂವರ್ಕ್ ಮರೆತು ಬಂದಿದ್ದಳು. ಹಾಲ್ ಟಿಕೆಟ್ ಕೊಡುವ ದಿನ ಮತ್ತೆ ವಿದಾಯ. ಪ್ರಾಕ್ಟೀಸ್ ಪರೀಕ್ಷೆಯ ಕೊನೆಯ ದಿನ ಮತ್ತೊಂದು. ಪ್ರತಿ ಸಲವೂ ಅಳು ಇತ್ತು, ನಾನು ಹೇಳುವುದು ಉತ್ಪ್ರೇಕ್ಷೆಯಲ್ಲ. ಒಂದು ದಿನ ಅವರೆಲ್ಲ ವೇಲಿನ ಮೇಲೆ ಪರಸ್ಪರ ಹೆಸರು, ಹಾರ್ಟು, ನಕ್ಷತ್ರ ಬರೆದುಕೊಂಡರು. ಮರುದಿನ ಒಬ್ಬ ತಾಯಿ ಆ ವೇಲನ್ನು ತಂದು ನನ್ನ ಮೇಜಿನ ಮೇಲೆ ಹಾಸಿದರು. ಅದು ಮುಂದಿನ ವರ್ಷ ತಂಗಿಗೆ ಹೋಗಬೇಕಿದ್ದ ವೇಲು. ತಂಗಿ ಪಕ್ಕದಲ್ಲೇ ನಿಂತು, ಪರವಾಗಿಲ್ಲ ಅಮ್ಮ, ನನಗೆ ಹೀಗೇ ಬೇಕು ಎಂದು ಪಿಸುಗುಟ್ಟುತ್ತಿದ್ದಳು.

ಗ್ರೂಪ್ ಫೋಟೋದ ದಿನವನ್ನು ಹೆಡ್‌ಮಿಸ್ ಬಹಳ ಯೋಚನೆ ಮಾಡಿ ಇಟ್ಟಿದ್ದರು. ಮೋಡವಿಲ್ಲ, ಬಿಸಿಲು ಚೆನ್ನಾಗಿದೆ, ಮಾರ್ಚ್ ತಿಂಗಳು. ಆದರೆ ಕೊಡಗಿನಲ್ಲಿ ಆ ಹೊತ್ತಿಗೆ ಇಡೀ ಜಿಲ್ಲೆ ಮಳೆಗೆ ಕಾಯುತ್ತಿರುತ್ತದೆ. ಕಾಫಿಗೆ ಹೂಮಳೆ ಬೇಕು. ರೊಬಸ್ಟಾ ಕೊಯ್ಲು ಮುಗಿದು ಗಿಡದಲ್ಲಿ ಮೊಗ್ಗು ಕಾದು ಕೂತಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಊರಿಗೆಲ್ಲ ಮಲ್ಲಿಗೆಯ ಹಾಗೆ ಪರಿಮಳ. ಬೀಳದಿದ್ದರೆ ಸ್ಪ್ರಿಂಕ್ಲರ್, ಡೀಸೆಲ್, ಕೆರೆಯ ನೀರಿಗಾಗಿ ಅಣ್ಣತಮ್ಮಂದಿರ ಜಗಳ. ಹಾಗಾಗಿ ನಮ್ಮ ಫೋಟೋ ಒಂದು ಕಡೆ, ಜಿಲ್ಲೆಯ ಪ್ರಾರ್ಥನೆ ಇನ್ನೊಂದು ಕಡೆ. ಯಾರು ಗೆಲ್ಲುತ್ತಾರೆ ಹೇಳಿ?

ಬೆಂಚುಗಳನ್ನು ಅಂಗಳಕ್ಕೆ ಹೊತ್ತು ತಂದಾಗಿತ್ತು. ಎರಡು ಜಡೆ, ರಿಬ್ಬನ್, ಪೌಡರು ಎಲ್ಲ ಸರಿಯಾಗಿತ್ತು. ಫೋಟೋದವರು ಎತ್ತರದ ಪ್ರಕಾರ ನಿಲ್ಲಿಸುವುದರಲ್ಲೇ ಒಂದು ಪೀರಿಯಡ್ ಹೋಯಿತು. ಗೆಳತಿಯರು ಒಂದೇ ಎತ್ತರ ಇರುವುದಿಲ್ಲವಲ್ಲ. ಒಬ್ಬಳನ್ನು ಹಿಂದೆ ಕಳಿಸಿದರೆ ಅವಳ ಜೊತೆ ಇನ್ನಿಬ್ಬರು ಹೋಗುತ್ತಿದ್ದರು. ಒಂದು ಹಂತದಲ್ಲಿ ಮುಂದಿನ ಸಾಲಿನಲ್ಲಿ ಟೀಚರುಗಳು ಮಾತ್ರ ಉಳಿದಿದ್ದೆವು. ಅಂತೂ ಎಲ್ಲರೂ ನಿಂತು, ಫೋಟೋದವರು ಕ್ಯಾಮೆರಾ ಎತ್ತಿ ‘ಎಲ್ಲರೂ ಇಲ್ಲಿ ನೋಡಿ’ ಎಂದಾಗ, ಎಲ್ಲರೂ ಮೇಲೆ ನೋಡಿದರು. ಗುಡ್ಡದ ಕಡೆಯಿಂದ ಕಪ್ಪಗೆ ಬಂತು. ಮೊದಲು ಗಾಳಿ, ಆಮೇಲೆ ದಪ್ಪ ಹನಿ.

ಇಲ್ಲಿ ಕೊಡೆಗಳ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಶಾಲೆಯ ಮೆಟ್ಟಿಲಿನ ಕೆಳಗೆ ಒಂದು ಗೂಡು ಉಂಟು. ಮಳೆಗಾಲದಲ್ಲಿ ಮಕ್ಕಳು ಬಿಟ್ಟುಹೋದ ಕೊಡೆಗಳನ್ನೆಲ್ಲ ಅಟೆಂಡರ್ ಅಲ್ಲಿ ತುಂಬಿಡುತ್ತಾರೆ. ಹೂವಿನದ್ದು, ಗೊಂಬೆಯದ್ದು, ಕಡ್ಡಿ ಮುರಿದದ್ದು, ಅಜ್ಜನ ಕಾಲದ ಮರದ ಹಿಡಿಯದ್ದು. ಪ್ರಾರ್ಥನೆಯಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಬಂದು ನನ್ನದು ಎನ್ನುವುದಿಲ್ಲ. ಕಾರಣ ಉಂಟು. ಅಷ್ಟರಲ್ಲಿ ಕೊಡೆ ಕಳೆದುಹೋಯಿತೆಂದು ಮನೆಯಲ್ಲಿ ಬೈಸಿಕೊಂಡು ಆಗಿರುತ್ತದೆ, ಹೊಸದು ಬಂದೂ ಆಗಿರುತ್ತದೆ. ಈಗ ಹಳೆಯದು ಸಿಕ್ಕಿತು ಎಂದು ಹೋದರೆ, ಹಾಗಾದರೆ ಸರಿಯಾಗಿ ಹುಡುಕಲಿಲ್ಲ ಎಂದು ಎರಡನೇ ಸಲ ಬೈಗುಳ. ಬುದ್ಧಿ ಇರುವ ಯಾವ ಹುಡುಗಿ ಬರುತ್ತಾಳೆ?

ಅವತ್ತು ಹೆಡ್‌ಮಿಸ್ ಆ ಗೂಡಿನ ಬೀಗ ತೆಗೆಸಿದರು. ಕೈಗೆ ಸಿಕ್ಕಿದ ಕೊಡೆ ಹಂಚಿದ್ದೇ ತಪ್ಪಾಯಿತು. ‘ಮಿಸ್, ಅದು ನನ್ನದು!’ ಎಂದು ಒಬ್ಬಳು ಕೂಗಿದಳು. ಇಡೀ ಅಂಗಳಕ್ಕೆ ನೆನಪು ಮರಳಿತು. ಎಂಟು ತಿಂಗಳು ಅನಾಥವಾಗಿದ್ದ ಕೊಡೆಗಳಿಗೆ ಒಂದೊಂದಕ್ಕೆ ಇಬ್ಬಿಬ್ಬರು ವಾರಸುದಾರರು. ನಮ್ಮ ಮಕ್ಕಳು ನನ್ನ ಹತ್ತಿರ ಮಾತಾಡುವುದು ಕನ್ನಡ. ನನಗೆ ತಿಳಿಯಬಾರದ್ದು ಏನಾದರೂ ಇದ್ದರೆ ಅದು ಕೊಡವ ತಕ್ಕ್, ಅರೆಭಾಷೆ, ಮಲೆಯಾಳ, ಬ್ಯಾರಿಗಳಲ್ಲಿ ನಡೆಯುತ್ತದೆ. ಅವತ್ತಿನ ಕೊಡೆ ಜಗಳ ಕನ್ನಡದಲ್ಲಿ ಶುರುವಾಗಿ ಎರಡೇ ನಿಮಿಷದಲ್ಲಿ ನನ್ನ ಕೈ ಮೀರಿ ನಾಲ್ಕೂ ಭಾಷೆಗಳಿಗೆ ಹಬ್ಬಿತು. ಗೊಂಬೆಯ ಕೊಡೆಯ ಬಟ್ಟೆ ಒಬ್ಬಳ ಕೈಯಲ್ಲಿ, ಹಿಡಿ ಇನ್ನೊಬ್ಬಳ ಕೈಯಲ್ಲಿ ಉಳಿಯಿತು.

ಫೋಟೋದವರು ತಮ್ಮ ಕ್ಯಾಮೆರಾವನ್ನು ಅಂಗಿಯ ಮರೆಯಲ್ಲಿ ಹಿಡಿದುಕೊಂಡು ಜಗಲಿಯಿಂದಲೇ ಒಂದು ಕ್ಲಿಕ್ ಮಾಡಿದರು. ಆ ಫೋಟೋ ಈಗ ಸ್ಟಾಫ್‌ರೂಮಿನಲ್ಲಿದೆ. ಅದರಲ್ಲಿ ಮುಖಗಳಿಗಿಂತ ಕೊಡೆಗಳೇ ಜಾಸ್ತಿ. ಒಂದು ಮುಖ ಮಾತ್ರ ಸ್ಪಷ್ಟವಾಗಿ, ಮಳೆಯಲ್ಲಿ ಪೂರ್ತಿ ನೆನೆದು, ಹಲ್ಲು ಕಾಣುವ ಹಾಗೆ ನಗುತ್ತಿದೆ. ನಮ್ಮ ಹೆಡ್‌ಮಿಸ್. ಅವರು ಶಾಲೆಯಲ್ಲಿ ನಕ್ಕದ್ದಕ್ಕೆ ಬೇರೆ ದಾಖಲೆ ಇಲ್ಲ. ಅವರಿಗೆ ನಾಲ್ಕೆಕರೆ ರೊಬಸ್ಟಾ ಉಂಟು.

ಮರುದಿನ ಕ್ಲಾಸಿನಲ್ಲಿ ಪಾಠ ನಡೆಯಲಿಲ್ಲ. ಕೊಡಗಿನ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಇಂಚಿಗೆ ನೂರು ಸೆಂಟ್. ಮನೆಯಲ್ಲಿ ಕೇಳಿ ಕೇಳಿ ಮಕ್ಕಳಿಗೂ ಅದೇ ಭಾಷೆ. ‘ಮಿಸ್, ನಮ್ಮಲ್ಲಿ ಎಂಬತ್ತು ಸೆಂಟ್’ ಎಂದಳು ಒಬ್ಬಳು. ‘ನಮ್ಮಲ್ಲಿ ಒಂದು ಇಂಚು ಹತ್ತು’ ಎಂದಳು ಹೊಳೆಯ ಆಚೆಯವಳು, ರ‍್ಯಾಂಕ್ ಬಂದ ಜಂಬದಲ್ಲಿ. ಹಿಂದಿನ ಬೆಂಚಿನಿಂದ ಒಂದು ಸಣ್ಣ ಸ್ವರ: ‘ನಮ್ಮಲ್ಲಿ ಮೂವತ್ತೈದು. ಜಸ್ಟ್ ಪಾಸ್ ಮಿಸ್.’

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಒಳ್ಳೆಯದೇ. ಆದರೆ ಅದರಿಂದ ನಮ್ಮ ಮಕ್ಕಳ ತಲೆಯಲ್ಲಿ ‘ಮನೆಯಿಂದ ಹೊರಡುವಾಗ ಮರೆಯಬಾರದ ಕಾರ್ಡು’ ಎಂದರೆ ಆಧಾರ್ ಒಂದೇ ಎಂದು ಕೂತುಬಿಟ್ಟಿದೆ. ಮೊದಲ ಪೇಪರಿನ ದಿನ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಒಬ್ಬಳು ಬಹಳ ಧೈರ್ಯದಿಂದ ಆಧಾರ್ ತೋರಿಸಿದಳು. ಹಾಲ್ ಟಿಕೆಟ್ ಮನೆಯಲ್ಲಿ, ದೇವರ ಫೋಟೋದ ಎದುರು. ಒಳ್ಳೆಯದಾಗಲಿ ಎಂದು ಅಜ್ಜಿ ಅಲ್ಲಿಟ್ಟು ದೀಪ ಹಚ್ಚಿದ್ದರಂತೆ. ಅಪ್ಪನಿಗೆ ಫೋನ್ ಹೋಯಿತು. ಎಸ್ಟೇಟಿನ ಜೀಪಿನಲ್ಲಿ, ಲೈನ್ ಮನೆಯ ಕೆಲಸದವರ ನಡುವೆ ನಿಂತುಕೊಂಡು ಅಪ್ಪ ಬಂದರು. ಹಾಲ್ ಟಿಕೆಟಿನ ಮೇಲೆ ಕುಂಕುಮ ಇತ್ತು. ಫೋಟೋದಲ್ಲಿ ಅವಳ ಹಣೆಯ ಮೇಲೇ ಸರಿಯಾಗಿ ಬಿದ್ದದ್ದರಿಂದ ಯಾರೂ ಆಕ್ಷೇಪ ಮಾಡಲಿಲ್ಲ.

ತಡವಾಗಿ ಬಂದವರಿಗೆ ನಮ್ಮಲ್ಲಿ ಎದುರಾಡಲಾಗದ ಒಂದು ಕಾರಣ ಉಂಟು. ‘ಆನೆ ಮಿಸ್.’ ಬೇರೆ ಊರಿನ ಮಕ್ಕಳಿಗೆ ಹೊಟ್ಟೆನೋವು, ಬಸ್ ಕೆಟ್ಟಿತು ಎನ್ನುವ ಬಡ ಕಾರಣಗಳೇ ಗತಿ. ಇಲ್ಲಿ ಆನೆ ಎಂದರೆ ಮುಗಿಯಿತು. ಮೊದಲು ನಾವೂ ಸುಮ್ನೆ ನಂಬುತ್ತಿದ್ದೆವು. ಈಗ ಆನೆ ಎಲ್ಲಿದೆ ಎಂದು ಬೆಳಿಗ್ಗೆಯೇ ವಾಟ್ಸಾಪಿಗೆ ಬರುವುದರಿಂದ ಸ್ಟಾಫ್‌ರೂಮಿನಲ್ಲಿ ತನಿಖೆ ನಡೆಯುತ್ತದೆ. ‘ನಿನ್ನ ಆನೆ ಇವತ್ತು ಸಿದ್ದಾಪುರದ ಕಡೆ ಉಂಟು, ನೀನು ಬರುವುದು ಬಾಳೆಲೆಯಿಂದ’ ಎಂದು ವಿಜ್ಞಾನದ ಮಿಸ್ ಒಬ್ಬಳನ್ನು ಹಿಡಿದರು. ಅವಳು ಸ್ವಲ್ಪವೂ ಅಲುಗಲಿಲ್ಲ. ‘ಇದು ಬೇರೆ ಆನೆ ಮಿಸ್’ ಎಂದಳು. ಬೇರೆ ಆನೆ ಇರಲಾರದು ಎಂದು ಕೊಡಗಿನಲ್ಲಿ ಯಾರು ಸಹಿ ಹಾಕಿ ಕೊಡುತ್ತಾರೆ?

ಈಗ ಪರೀಕ್ಷಾ ಕೋಣೆಗಳಲ್ಲಿ ಕ್ಯಾಮೆರಾ ಉಂಟು. 2024ರಿಂದ ವೆಬ್‌ಕಾಸ್ಟಿಂಗ್. ಎಲ್ಲೋ ಕೂತವರು ಎಲ್ಲ ಕೋಣೆಗಳನ್ನೂ ನೋಡಬಹುದು. ಹುಡುಗಿಯರು ನಕಲು ಮಾಡಬಾರದೆಂದು ಹೆದರಲಿ ಎಂಬುದು ಉದ್ದೇಶ. ನಮ್ಮವರಿಗೆ ಹೆದರಿಕೆ ಆದದ್ದು ಕೂದಲಿನ ಬಗ್ಗೆ. ಕನ್ನಡ ಪೇಪರಿಗೆ ಎಣ್ಣೆ ಹಚ್ಚಿ ಬಂದವರು ಮುಂದಿನ ಪೇಪರಿಗೆ ಶಾಂಪೂ ಹಾಕಿ ಬಂದರು. ಮೇಲ್ವಿಚಾರಕರು ಬೇರೆ ಶಾಲೆಯವರು, ಪಾಪ. ಯಾರೂ ತಲೆ ತಗ್ಗಿಸುವುದಿಲ್ಲ, ಎಲ್ಲರೂ ಆಗಾಗ ಮೇಲೆ ನೋಡುತ್ತಾರೆ, ಇದೇನು ಹೊಸ ನಕಲು ಎಂದು ಅವರಿಗೆ ಗಾಬರಿ.

ಕೊನೆಯ ಪೇಪರಿನ ದಿನ ವಿದಾಯ ಮತ್ತು ಅಳು. ನಾನು ಅಷ್ಟೊತ್ತಿಗೆ ಲೆಕ್ಕ ಬಿಟ್ಟಿದ್ದೆ.

ಹತ್ತನೆಯವರು ಹೋದ ಮೇಲೆ ದಾಸ್ತಾನು ಲೆಕ್ಕ. ಲೈಬ್ರರಿ ಪುಸ್ತಕ, ಲ್ಯಾಬಿನ ಗಾಜು, ಆಟದ ಸಾಮಾನು. ಲೈಬ್ರರಿಯದ್ದು ಬೇಗ ಮುಗಿಯಿತು. ಹಾಕಿ ಕೋಲಿನದ್ದು ಮುಗಿಯಲಿಲ್ಲ.

ಕೊಡಗಿನಲ್ಲಿ ಹಾಕಿ ಎಂದರೆ ಏನು ಎಂದು ಹೊರಗಿನವರಿಗೆ ಹೇಳುವುದು ಕಷ್ಟ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ 60 ತಂಡಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಅದು 360 ಆಯಿತು. ಒಂದೊಂದು ಮನೆತನಕ್ಕೆ ಒಂದೊಂದು ತಂಡ. ಗಂಡಸರ ಜೊತೆ ಹೆಂಗಸರೂ ಹುಡುಗಿಯರೂ ಇಳಿಯುತ್ತಾರೆ, ತಲೆ ನರೆತವರೂ ಇಳಿಯುತ್ತಾರೆ. ಇದು ನಡೆಯುವುದು ಸರಿಯಾಗಿ ನಮ್ಮ ಫಲಿತಾಂಶದ ಹೊತ್ತಿಗೆ. ಅಂದರೆ ಶಾಲೆಯ ಕೋಲು ವಾಪಸ್ ಬರಬೇಕಾದ ಸಮಯವೂ, ಮನೆಯಲ್ಲಿ ಒಳ್ಳೆಯ ಕೋಲು ಬೇಕಾದ ಸಮಯವೂ ಒಂದೇ.

ಒಂಬತ್ತನೆಯ ಒಬ್ಬ ಹುಡುಗಿ ಕೋಲು ವಾಪಸ್ ತಂದಳು. ಪಿ.ಟಿ. ಮಿಸ್ ಎಣಿಸಿ ಟಿಕ್ ಹಾಕಿ, ಹೆಡ್‌ಮಿಸ್ ಸಹಿ ಮಾಡಿ, ರಿಜಿಸ್ಟರ್ ಮುಚ್ಚಿತು. ಎರಡು ದಿನ ಬಿಟ್ಟು ಒಬ್ಬ ಹಿರಿಯರು ಬಂದರು. ನೆಟ್ಟಗಿನ ಬೆನ್ನು, ದಪ್ಪ ಮೀಸೆ, ಮಿಲಿಟರಿಯಿಂದ ನಿವೃತ್ತಿಯಾದವರೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಪಿ.ಟಿ. ಮಿಸ್ ತಮಗೆ ಗೊತ್ತಿಲ್ಲದೆಯೇ ಅಟೆನ್ಷನ್‌ನಲ್ಲಿ ನಿಂತರು.

‘ನನ್ನ ಸ್ಟಿಕ್ ನಿಮ್ಮಲ್ಲಿ ಉಂಟು’ ಎಂದರು ಅವರು.

ಮೊಮ್ಮಗಳು ಶಾಲೆಯ ಹೊಸ ಕೋಲನ್ನು ಮನೆಯಲ್ಲಿ ಇಟ್ಟುಕೊಂಡು ಅಜ್ಜ ರೆಜಿಮೆಂಟಿನಲ್ಲಿ ಆಡಿದ ಮರದ ಕೋಲನ್ನು ತಂದು ಒಪ್ಪಿಸಿದ್ದಳು. ಅಜ್ಜ ಶಾಲೆಯ ಕೋಲನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ತಂದಿದ್ದರು. ಬದಲಾಯಿಸಿಕೊಂಡರೆ ಮುಗಿಯಿತು ಅಲ್ವಾ? ಮುಗಿಯಲಿಲ್ಲ. ಅಷ್ಟರಲ್ಲಿ ಪಿ.ಟಿ. ಮಿಸ್ ರಿಜಿಸ್ಟರಿನಲ್ಲಿ ಆ ಕೋಲಿನ ಎದುರು ‘ಹಳೆಯದು, ಬಳಕೆಗೆ ಯೋಗ್ಯವಲ್ಲ’ ಎಂದು ಬರೆದಿದ್ದರು. ಅಜ್ಜನ ಕಣ್ಣಿಗೆ ಅದು ಬಿತ್ತು.

‘ಯೋಗ್ಯವಲ್ಲವಾ?’ ಎಂದರು ಅಜ್ಜ. ಅಂಗಳಕ್ಕೆ ಇಳಿದು, ಒಂದು ಹಳೆಯ ಟೆನಿಸ್ ಚೆಂಡನ್ನು ಕಾಲಬುಡದಲ್ಲಿಟ್ಟು, ಒಂದೇ ಏಟಿಗೆ ಆಫೀಸಿನ ಕಿಟಕಿಯೊಳಗೆ ಕಳಿಸಿದರು. ಕಿಟಕಿ ತೆರೆದೇ ಇತ್ತು, ಗಾಜಿಗೆ ಏನೂ ಆಗಲಿಲ್ಲ. ಒಳಗೆ ಕಂಪ್ಯೂಟರಿನ ಮುಂದೆ ಕೂತು ಅಂಕಗಳನ್ನು ತುಂಬಿಸುತ್ತಿದ್ದ ಗಣಿತದ ಸರ್ ಬೆಚ್ಚಿಬಿದ್ದು ಯಾವ ಬಟನ್ ಒತ್ತಿದರೋ, ಅರ್ಧ ದಿನದ ಕೆಲಸ ಹೋಯಿತು. ಸರ್ವರ್ ಸಿಗುವುದೇ ಅಪರೂಪ, ಸಿಕ್ಕಿದ ದಿನವೇ ಹೀಗಾಯಿತು. ಪಿ.ಟಿ. ಮಿಸ್ ಸಾಲು ಹೊಡೆದು ‘ಯೋಗ್ಯ’ ಎಂದು ತಿದ್ದಿ ಚಿಕ್ಕ ಸಹಿ ಹಾಕಿದರು. ಅಜ್ಜ ತಮ್ಮ ಕೋಲು ತೆಗೆದುಕೊಂಡು ಹೋದರು. ರಿಜಿಸ್ಟರಿನಲ್ಲಿ ಈಗ ಇಲ್ಲದ ಕೋಲೊಂದು ಯೋಗ್ಯವಾಗಿದೆ.

ಏಪ್ರಿಲ್ ಹತ್ತರ ಹೊತ್ತಿಗೆ ಎಂಟು, ಒಂಬತ್ತನೆಯವರ ಫಲಿತಾಂಶ. ತಂದೆತಾಯಿ ಬಂದರು, ಅಂಕಪಟ್ಟಿ ನೋಡಿದರು, ಪಾಯಸ ಕುಡಿದರು. ಅರ್ಧ ಜನ ಹಾಕಿ ಮೈದಾನಕ್ಕೆ ಹೋಗುವ ಅವಸರದಲ್ಲಿದ್ದರು.

ನಿಜಕ್ಕೂ ರಜೆ ಎಂದುಕೊಂಡು ನಾನು ತವರಿಗೆ ಹೋದೆ. ಅಲ್ಲಿ ಸಿಗ್ನಲ್ ಸಿಗುವುದು ಹಲಸಿನ ಮರದ ಕೆಳಗೆ ಮಾತ್ರ, ಅದೂ ಒಂದು ಬೇರಿನ ಮೇಲೆ ನಿಂತರೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಆ ಬೇರಿನಿಂದ ಇಳಿಯುವ ಭಾಗ್ಯ ನನಗೆ ಸಿಗಲಿಲ್ಲ. ಹಾಲ್ ಟಿಕೆಟ್ ಕಳೆದುಕೊಂಡವರು, ರಿಜಿಸ್ಟರ್ ನಂಬರ್ ಮರೆತವರು, ನಂಬರ್ ನೆನಪಿದ್ದೂ ನೋಡಲು ಧೈರ್ಯವಿಲ್ಲದವರು ಎಲ್ಲರೂ ನನಗೇ ಫೋನ್ ಮಾಡಿದರು. 625ಕ್ಕೆ ಆರುನೂರರ ಹತ್ತಿರ ಬಂದವಳು ಕನ್ನಡದಲ್ಲಿ ಎರಡು ಅಂಕ ಎಲ್ಲಿ ಹೋಯಿತು ಎಂದು ನನ್ನ ಮೇಲೆ ಬೇಸರ ಮಾಡಿಕೊಂಡಳು. ಮುನ್ನೂರರ ಆಸುಪಾಸಿನವಳು ನನ್ನ ಕಿವಿ ತೂತಾಗುವ ಹಾಗೆ ಖುಷಿಯಿಂದ ಕಿರುಚಿದಳು.

ಒಬ್ಬಳಿಗೆ ಗಣಿತ ಹೋಗಿತ್ತು. ಸ್ಲ್ಯಾಮ್ ಬುಕ್ಕಿನ ಹುಡುಗಿಯೇ. 2024ರಲ್ಲಿ ಬಂದ ಪದ್ಧತಿಯಂತೆ ಆಗ ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಎಂದು ಮೂರು ಅವಕಾಶ ಇತ್ತು. ಮೇ ತಿಂಗಳಲ್ಲೇ ವಿಶೇಷ ತರಗತಿ. ಬೇಸಿಗೆ ರಜೆ ಬಿಟ್ಟು ಗಣಿತದ ಸರ್ ಬಂದರು, ಕನ್ನಡಕ್ಕೂ ಒಬ್ಬಳಿದ್ದಳೆಂದು ನಾನೂ ಬಂದೆ. ಖಾಲಿ ಶಾಲೆಯಲ್ಲಿ ನಾವು ನಾಲ್ಕೈದು ಜನ. ಹುಡುಗಿ ಮೊದಲ ಬೆಂಚಿನಲ್ಲಿ ಕೂತು, ಒಂದು ಹಂತವನ್ನೂ ಬಿಡದೆ ಲೆಕ್ಕ ಬರೆದಳು. ಸರ್ ಖುಷಿಯಾದರು.

‘ಏನಾದರೂ ಡೌಟ್ ಉಂಟಾ?’ ಎಂದು ಕೇಳಿದರು.

‘ಒಂದು ಉಂಟು ಸರ್’ ಎಂದಳು. ‘ಪರೀಕ್ಷೆ ಎರಡನೇ ಸಲ ಅಲ್ವಾ. ಬೀಳ್ಕೊಡುಗೆಯೂ ಎರಡನೇ ಸಲ ಮಾಡ್ತೀರಾ?’

ಸರ್ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಸರ್ ಯೋಚನೆ ಮಾಡಿ, ‘ಪಾಸಾದರೆ ನೋಡುವ’ ಎಂದರು.

ಜೂನ್‌ನಲ್ಲಿ ಅವಳು ಪಾಸಾದಳು. ಟಿಸಿ ತೆಗೆದುಕೊಳ್ಳಲು ಬಂದದ್ದು ಸೀರೆ ಉಟ್ಟುಕೊಂಡು, ನೆರಿಗೆ ಹಿಂದೆ. ಎಂಟನೇ ಬಿ ಈಗ ಒಂಬತ್ತನೇ ಬಿ ಆಗಿತ್ತು. ಕಿಟಕಿಯಿಂದ ನೋಡಿ ಅಲ್ಲೊಬ್ಬಳು ಅಳುವ ಹಾಗೆ ಮೂಗು ಎಳೆದಳು. ಗಣಿತದ ಸರ್ ಓಡಿಹೋಗಿ ಆ ಕ್ಲಾಸಿನ ಬೋರ್ಡಿನ ಮೇಲೆ ಒಂದು ತ್ರಿಭುಜ ಬರೆದರು.